ಮೆಟ್ಟಿಲು, ಉಯ್ಯಾಲೆ, ಒಳಕಿವಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದುಕೊಟ್ಟಿದ್ದೇನೆ.)



ನನಗೆ ಮೊದಲು ಕೊಟ್ಟಿದ್ದ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು’ ಎಂದು. ಅದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ನಮ್ಮ ಬ್ಯಾಚಿನಲ್ಲೇ ಇಬ್ಬರಿದ್ದಾರೆ, ನಿನ್ನೆ ಒಬ್ಬರು ಮಾತಾಡಿಯೂ ಆಯಿತು. ನಾನು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ‘ಸಾರ್, ನಾನು ಉಯ್ಯಾಲೆ ಬಗ್ಗೆ ಮಾತಾಡಲೇ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿ.ಇ. ಮಾಡಿದೋನು ಉಯ್ಯಾಲೆ ಬಗ್ಗೆ ಏನಪ್ಪ ಮಾತಾಡ್ತೀಯ?’ ಎಂದರು. ವಿಷಯ ವಿವರಿಸಿದ ಮೇಲೆ ಒಪ್ಪಿಕೊಂಡರು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಒಬ್ಬ ಮಗುವಿನ ತಂದೆ, ಅಷ್ಟೆ. ಹೇಳುವುದರಲ್ಲಿ ಮನೆಯಲ್ಲಿ ಕಂಡದ್ದು ಯಾವುದು, ತಿಳಿದವರಿಂದ ಕೇಳಿ ಓದಿ ಕಲಿತದ್ದು ಯಾವುದು ಎಂದು ಬೇರೆಬೇರೆಯಾಗಿಯೇ ಹೇಳುತ್ತೇನೆ.

ಶುರು ಮಾಡಬೇಕಾದದ್ದು ಈ ಶಾಲೆಯಿಂದಲೇ. ನಾನು ಎಂಟನೇ ತರಗತಿಗೆ ಸೇರಿದ್ದು 2001ರಲ್ಲಿ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಆಗಸ್ಟ್ ಹದಿನೈದರ ಕವಾಯತು ಅಭ್ಯಾಸ ಶುರುವಾದರೆ ಅವನಿಗೆ ಜೀವವೇ ಹೋಗುತ್ತಿತ್ತು. ಎಡಗಾಲು ಎಂದರೆ ಬಲಗಾಲು ಮುಂದೆ ಬರುವುದು, ತಿರುಗು ಎಂದರೆ ತಿರುಗಿದ ಮೇಲೆ ಎರಡು ಹೆಜ್ಜೆ ತೂರಾಡುವುದು, ಒಂಟಿಕಾಲಲ್ಲಿ ನಿಲ್ಲು ಎಂದರೆ ಬಿದ್ದೇಬಿಡುವುದು. ಈಗ ಒಡೆದು ಹೊಸದು ಕಟ್ಟಿರುವ ಹಳೆಯ ಹಾಲಿಗೆ ಆರು ಕಲ್ಲು ಮೆಟ್ಟಿಲು ಇದ್ದವು, ಹಿಡಿದುಕೊಳ್ಳಲು ಪಕ್ಕದಲ್ಲಿ ಏನೂ ಇರಲಿಲ್ಲ. ಯಾರೂ ನೋಡುತ್ತಿಲ್ಲ ಅನ್ನಿಸಿದರೆ ಅವನು ಆ ಮೆಟ್ಟಿಲನ್ನು ಕುಳಿತುಕೊಂಡು, ಒಂದೊಂದಾಗಿ ಜಾರಿ ಇಳಿಯುತ್ತಿದ್ದ. ಯಾರೂ ನೋಡುತ್ತಿಲ್ಲ ಎಂದು ಅವನು ಅಂದುಕೊಂಡಿದ್ದು ತಪ್ಪು. ನಾವು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ಅವನಿಗೊಂದು ಅಡ್ಡಹೆಸರು ಬಿತ್ತು. ಅದನ್ನು ಇಲ್ಲಿ ಹೇಳುವುದಿಲ್ಲ, ನಮ್ಮ ಬ್ಯಾಚಿನವರಿಗೆ ನೆನಪಿದೆ. ಆ ಹೆಸರಿಟ್ಟವನು ನಾನೇ. ಒಂಬತ್ತನೇ ತರಗತಿಯ ದಸರಾ ರಜೆ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ಬಿಟ್ಟದ್ದಕ್ಕೆ ಮನೆಯ ಕಷ್ಟವೂ ಒಂದು ಕಾರಣ. ಆದರೆ ಅದೊಂದೇ ಕಾರಣ ಎಂದು ಹೇಳಿಕೊಂಡು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾನೆ.

ಈಗ ನನ್ನ ಮಗನ ವಿಷಯ. ಅವನು ಹುಟ್ಟಿದ್ದು 2017ರಲ್ಲಿ, ಬೆಂಗಳೂರಿನಲ್ಲಿ. ನಾವಿದ್ದದ್ದು ವೈಟ್‌ಫೀಲ್ಡ್ ಕಡೆ, ನಾಲ್ಕನೇ ಮಹಡಿಯಲ್ಲಿ. ಒಂದೂವರೆ ವರ್ಷ ದಾಟಿದ ಮೇಲೆ ನಡೆದ. ಎರಡೂವರೆ ವರ್ಷವಾದರೂ ನೆಲದಿಂದ ಎರಡೂ ಕಾಲು ಎತ್ತಿ ಒಂದು ಸಲವೂ ಕುಪ್ಪಳಿಸಿರಲಿಲ್ಲ. ಪಾರ್ಕಿನಲ್ಲಿ ಉಯ್ಯಾಲೆಯ ಮೇಲೆ ಕೂರಿಸಿದರೆ ಬೆಂಕಿ ತಾಗಿದ ಹಾಗೆ ಕಿರುಚುತ್ತಿದ್ದ. ತಲೆಗೆ ನೀರು ಹಾಕಲು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ನನ್ನ ಹೆಂಡತಿಯ ಕತ್ತನ್ನು ಉಗುರು ಕೂರುವಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದ. ಮಾಲೂರಿನ ಅತ್ತೆಮನೆಗೆ ಹೋದರೆ ಅಲ್ಲಿ ಜಗಲಿಯಿಂದ ಅಂಗಳಕ್ಕೆ ಮೂರೇ ಮೆಟ್ಟಿಲು. ಅದನ್ನು ಇಳಿಯಲು ಕುಳಿತುಕೊಳ್ಳುತ್ತಿದ್ದ. ಅದನ್ನು ಮೊದಲ ಸಲ ನೋಡಿದಾಗ ನನಗೆ ಹಾಲಿನ ಆ ಆರು ಮೆಟ್ಟಿಲು ಕಣ್ಣಮುಂದೆ ಬಂತು. ಹೆಂಡತಿಗೆ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ಮೊದಲು ಹೋದದ್ದು ಬೆಂಗಳೂರಿನ ಒಂದು ಖಾಸಗಿ ಕೇಂದ್ರಕ್ಕೆ. ಹೆಸರು ಮುಖ್ಯವಲ್ಲ. ಇಪ್ಪತ್ತು ನಿಮಿಷ ನೋಡಿ, ಆರು ತಿಂಗಳ ಪ್ಯಾಕೇಜ್ ತೆಗೆದುಕೊಳ್ಳಿ, ಮುಂಗಡ ಕಟ್ಟಿದರೆ ರಿಯಾಯಿತಿ, ಓದು ಮಾತು ನಡವಳಿಕೆ ಎಲ್ಲವೂ ಸರಿಹೋಗುತ್ತದೆ ಎಂದರು. ಕಟ್ಟಿದೆ. ಹೆದರಿದ ತಂದೆತಾಯಿ ಕಟ್ಟೇ ಕಟ್ಟುತ್ತಾರೆ. ಎರಡು ತಿಂಗಳಲ್ಲಿ ಮಗ ಆ ಕಟ್ಟಡದ ಗೇಟು ಕಂಡರೆ ಅಳಲು ಶುರುಮಾಡಿದ. ಆಮೇಲೆ ಸ್ನೇಹಿತರೊಬ್ಬರು ಹೇಳಿ ಸರ್ಕಾರಿ ಆಸ್ಪತ್ರೆಯೊಂದರ ಮಕ್ಕಳ ವಿಭಾಗಕ್ಕೆ ಹೋದೆವು. ಅಲ್ಲಿ ಮೊದಲು ಮಾಡಿದ್ದು ಕಿವಿಯ ಪರೀಕ್ಷೆ, ಆಮೇಲೆ ಕಣ್ಣು, ಆಮೇಲೆ ನರ ಮತ್ತು ಸ್ನಾಯುಗಳ ಪರೀಕ್ಷೆ. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದ್ದು ಇಷ್ಟು: ಕೇಳಿಸುತ್ತದೆ, ಕಾಣಿಸುತ್ತದೆ, ಬುದ್ಧಿ ಚೆನ್ನಾಗಿದೆ, ಮೈಯ ಸಮತೋಲನ ಮತ್ತು ಹೊಂದಾಣಿಕೆ ತಡವಾಗುತ್ತಿದೆ, ಈ ವಯಸ್ಸಿಗೆ ಹೆಸರಿಡುವುದು ಬೇಡ, ಐದು ವರ್ಷವಾದ ಮೇಲೆ ನೋಡೋಣ, ಅಲ್ಲಿಯವರೆಗೆ ಕೆಲಸ ಮಾಡೋಣ. ಹೀಗೆ ಮೈಹೊಂದಾಣಿಕೆಯ ತೊಂದರೆ ಇರುವ ಶಾಲಾ ಮಕ್ಕಳು ನೂರಕ್ಕೆ ಐದಾರು ಎಂದು ವೈದ್ಯರ ಪುಸ್ತಕಗಳು ಹೇಳುತ್ತವೆ. ಅಂದರೆ ನಲವತ್ತು ಮಕ್ಕಳ ತರಗತಿಗೆ ಇಬ್ಬರು. ಮೇಷ್ಟ್ರುಗಳು ದಯವಿಟ್ಟು ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್ ನನಗೆ ಒಳಕಿವಿಯ ವಿಷಯ ಹೇಳಿದರು. ಹತ್ತನೇ ತರಗತಿಯ ಹೊತ್ತಿಗೆ ನಾವೆಲ್ಲ ಕಿವಿಯ ಚಿತ್ರ ಬರೆದು ಭಾಗ ಗುರುತಿಸಿದವರೇ. ಮೂರು ಅರೆವೃತ್ತ ನಾಳಗಳು ಎಂದು ಬರೆದು ಅಂಕ ತೆಗೆದುಕೊಂಡು ಮರೆತೆವು. ಕೇಳುವುದಕ್ಕೂ ಆ ನಾಳಗಳಿಗೂ ಸಂಬಂಧವಿಲ್ಲ. ಅವು ಇರುವುದು ತಲೆ ಯಾವ ಕಡೆ ತಿರುಗುತ್ತಿದೆ ಎಂದು ಮಿದುಳಿಗೆ ತಿಳಿಸುವುದಕ್ಕೆ. ಇದನ್ನೇ ವೆಸ್ಟಿಬ್ಯುಲರ್ ವ್ಯವಸ್ಥೆ ಅನ್ನುತ್ತಾರೆ.

ಮನೆಯಲ್ಲಿ ಒಂದು ಚೊಂಬು ನೀರಿಗೆ ತುಂಬೆ ಹೂವೊಂದನ್ನು ತೇಲಿಬಿಟ್ಟು ಚೊಂಬನ್ನು ನಿಂತಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಚೊಂಬು ತಿರುಗುತ್ತದೆ, ಹೂವು ಮೊದಲು ನಿಂತಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಹೂವೂ ಜೊತೆಗೆ ಸುತ್ತತೊಡಗುತ್ತವೆ. ಆಗ ಚೊಂಬನ್ನು ಗಕ್ಕನೆ ನಿಲ್ಲಿಸಿದರೆ ಹೂವು ಇನ್ನೂ ಸುತ್ತುತ್ತಲೇ ಇರುತ್ತದೆ. ಆ ನಾಳಗಳೊಳಗಿನ ದ್ರವ ಮಾಡುವುದೂ ಇದನ್ನೇ. ದ್ರವ ಹಿಂದುಳಿದಾಗ ಒಳಗಿನ ಸೂಕ್ಷ್ಮ ಕೂದಲಿನಂಥ ಕೋಶಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಗಿರಗಿರನೆ ತಿರುಗಿ ನಿಂತ ಮೇಲೂ ಲೋಕ ತಿರುಗಿದಂತೆ ಆಗುವುದು ಇದರಿಂದಲೇ. ನಾಳಗಳ ಬುಡದಲ್ಲಿ ಇನ್ನೆರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿ ಅಂಟಿನಂಥ ಪದರದ ಮೇಲೆ ಸುಣ್ಣದಕಲ್ಲಿನ ಜಾತಿಯ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕೂತಿರುತ್ತವೆ. ತಲೆ ವಾಲಿದರೆ, ಬಸ್ಸು ಬ್ರೇಕ್ ಹಾಕಿದರೆ, ಮೆಟ್ಟಿಲಿನಿಂದ ಕೆಳಗಿಳಿದರೆ ಆ ಹರಳಿನ ಭಾರಕ್ಕೆ ಪದರ ಜರುಗುತ್ತದೆ, ಅದರಿಂದ ಮಿದುಳಿಗೆ ‘ಕೆಳಗೆ’ ಎಂಬುದು ಯಾವ ಕಡೆ ಎಂದು ಗೊತ್ತಾಗುತ್ತದೆ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ನಿಮ್ಮ ಜೇಬಿನ ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಅದರೊಳಗೆ ಇರುವ ಜೈರೋಸ್ಕೋಪ್ ಮತ್ತು ಆಕ್ಸೆಲೆರೋಮೀಟರ್ ಎಂಬ ಚಿಪ್ಪುಗಳು ಮಾಡುವ ಕೆಲಸ ಇದೇ. ಫೋನ್ ಮಾಡುವವರಿಗಿಂತ ಬಹಳ ಮೊದಲೇ ಮೀನುಗಳಿಗೇ ಇದು ಸಿಕ್ಕಿತ್ತು.

ಈ ಅಂಗ ಸರಿಯಿದ್ದರೆ ಸಾಲದು, ಅದು ಕಳಿಸಿದ ಸುದ್ದಿಯನ್ನು ಮಿದುಳು ಕಣ್ಣಿನ ಸುದ್ದಿಯೊಂದಿಗೂ ಸ್ನಾಯು ಕೀಲುಗಳ ಸುದ್ದಿಯೊಂದಿಗೂ ಕೂಡಿಸಬೇಕು. ಕರಿಹಲಗೆ ನೋಡಿ ಪುಸ್ತಕಕ್ಕೆ ತಲೆ ಬಗ್ಗಿಸಿ ಬರೆಯುವಾಗ ತಲೆ ಅಲ್ಲಾಡಿದರೂ ಕಣ್ಣಿನ ನೋಟ ಅಲ್ಲಾಡದಂತೆ ಹಿಡಿಯುವುದೂ ಇದೇ ವ್ಯವಸ್ಥೆ. ಇದರ ಮೇಲಿನ ಕೆಲಸಕ್ಕೆ 1914ರಲ್ಲಿ ರಾಬರ್ಟ್ ಬರಾನಿ ಎಂಬ ಆಸ್ಟ್ರಿಯಾದ ವೈದ್ಯನಿಗೆ ನೊಬೆಲ್ ಬಂತು. ಬಹುಮಾನದ ಸುದ್ದಿ ಬಂದಾಗ ಆತ ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದನಂತೆ. ಮಕ್ಕಳ ಕಲಿಕೆಗೂ ಇದಕ್ಕೂ ಗಂಟು ಹಾಕಿದವರು ಅಮೆರಿಕದ ಜೀನ್ ಏರ್ಸ್ ಎಂಬ ಥೆರಪಿಸ್ಟ್. ಕ್ಯಾಲಿಫೋರ್ನಿಯಾದ ಒಂದು ಆಕ್ರೋಟಿನ ತೋಟದಲ್ಲಿ ಬೆಳೆದವರು. 1972ರಲ್ಲಿ ಅವರ ಮುಖ್ಯ ಪುಸ್ತಕ ಬಂತು. ಉಯ್ಯಾಲೆ, ಚಕ್ರದ ಹಲಗೆ, ದಿಂಬು ಇವುಗಳನ್ನು ಚಿಕಿತ್ಸೆಯ ಕೋಣೆಯೊಳಕ್ಕೆ ತಂದವರು ಅವರು. ನಮ್ಮ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬೆಳೆದ ಮಕ್ಕಳಿಗೆ ಆ ಕೋಣೆ ತೋಪಿನಲ್ಲೇ ಇತ್ತು. ಅದಕ್ಕೆ ಹೆಸರಿರಲಿಲ್ಲ, ಅಷ್ಟೆ.

ಚಿಕಿತ್ಸೆ ಶುರುವಾಗಿ ನಾಲ್ಕನೇ ವಾರಕ್ಕೆ, 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಬಂತು. ಥೆರಪಿಸ್ಟ್ ಫೋನಿನಲ್ಲಿ, ‘ಮನೆಯಲ್ಲೇ ಮಾಡಿ, ನಾನು ಹೇಳಿಕೊಡ್ತೀನಿ’ ಎಂದರು. ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಇಂಟರ್‌ನೆಟ್ಟಿನಲ್ಲಿ ಮಕ್ಕಳನ್ನು ಕುರ್ಚಿಯಲ್ಲಿ ತಿರುಗಿಸುವುದನ್ನು ನೋಡಿದ್ದೆ. ಮನೆಯಲ್ಲಿ ನನ್ನ ಆಫೀಸಿನ ತಿರುಗುವ ಕುರ್ಚಿ ಇತ್ತು. ಮಗನನ್ನು ಕೂರಿಸಿ ಬೆಲ್ಟು ಕಟ್ಟಿ ಇಪ್ಪತ್ತು ಸುತ್ತು ತಿರುಗಿಸಿದೆ. ಅವನು ಅಳಲಿಲ್ಲ, ಮುಖ ಬಿಳಿಚಿಕೊಂಡಿತು. ಅಳದೆ ಇದ್ದದ್ದನ್ನು ನಾನು ಒಳ್ಳೆಯದೆಂದುಕೊಂಡೆ. ಇಳಿಸಿದ ಕೂಡಲೇ ವಾಂತಿ. ಬೆವರು. ಮಧ್ಯಾಹ್ನದಿಂದ ಮಾರನೆಯ ಬೆಳಿಗ್ಗೆಯವರೆಗೆ ನಿದ್ದೆ. ಆಮೇಲೆ ಒಂದು ವಾರ ನಾನು ಎತ್ತಿಕೊಳ್ಳಲು ಬಗ್ಗಿದರೆ ಹಿಂದಕ್ಕೆ ಸರಿಯುತ್ತಿದ್ದ. ಥೆರಪಿಸ್ಟ್ ಬೈದರು, ಬೈಯಬೇಕಾದ್ದೇ. ಅವರು ಹೇಳಿದ್ದನ್ನು ಹಾಗೇ ಹೇಳುತ್ತೇನೆ: ತಿರುಗಿಸುವುದು ಬಹಳ ಬಲವಾದ ಔಷಧಿ ಇದ್ದ ಹಾಗೆ, ಅದರ ಪರಿಣಾಮ ಗಂಟೆಗಟ್ಟಲೆ ಇರುತ್ತದೆ, ಮಗು ತಾನಾಗಿ ತಿರುಗಿದರೆ ತಿರುಗಲಿ, ನೀವು ತಿರುಗಿಸಬೇಡಿ, ಮುಖ ಬಿಳಿಚಿದರೆ, ಬೆವರಿದರೆ, ಆಕಳಿಸಿದರೆ, ಮಾತು ನಿಂತರೆ ಅಲ್ಲಿಗೇ ನಿಲ್ಲಿಸಿ.

ಏಪ್ರಿಲ್‌ನಲ್ಲಿ ಪಾಸು ಮಾಡಿಸಿಕೊಂಡು ಊರಿಗೆ ಬಂದೆವು. ಹೆದ್ದಾರಿಯಲ್ಲಿ ಕೋಲಾರ ದಾಟಿ ಮುಳಬಾಗಿಲಿನವರೆಗೂ ಎದುರಿಗೆ ಬಂದ ಗಾಡಿ ಬೆರಳಲ್ಲಿ ಎಣಿಸುವಷ್ಟು. ನನಗೆ ಮನೆಯಿಂದಲೇ ಕೆಲಸ. ನೆಟ್‌ವರ್ಕ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ, ಅದು ಬೇರೆ ಕಥೆ.

ನಮ್ಮಮ್ಮ ಮೊದಲ ದಿನವೇ ಕೇಳಿದರು, ‘ಇವನ್ನ ಜೋಳಿಗೇಲಿ ಹಾಕಿ ತೂಗಲಿಲ್ವಾ?’ ನಾಲ್ಕನೇ ಮಹಡಿಯ ಮನೆಯಲ್ಲಿ ಜೋಳಿಗೆ ಕಟ್ಟಲು ತೊಲೆ ಎಲ್ಲಿಂದ ಬರಬೇಕು? ಅವನು ಮಲಗಿದ್ದು ಕಂಬಿ ಮಂಚದಲ್ಲಿ, ಕೂತಿದ್ದು ಕಾರಿನ ಸೀಟಿನಲ್ಲಿ. ತೂಗದೆ ಇದ್ದದ್ದರಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಡಾಕ್ಟರರೂ ಹಾಗೆ ಹೇಳಲಿಲ್ಲ, ಜೋಳಿಗೆಯಲ್ಲೇ ಬೆಳೆದ ಮಕ್ಕಳಿಗೂ ಈ ತೊಂದರೆ ಬರುತ್ತದೆ. ನನ್ನ ಸಹಪಾಠಿಯೂ ಜೋಳಿಗೆಯಲ್ಲೇ ಬೆಳೆದವನು. ಆದರೆ ಥೆರಪಿಸ್ಟ್‌ಗೆ ಫೋನಿನಲ್ಲಿ ಜೋಳಿಗೆಯ ವಿಷಯ ಹೇಳಿದಾಗ ಅವರು, ‘ಅದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ, ಅದರಿಂದಲೇ ಶುರು ಮಾಡಿ’ ಎಂದರು.

ಅಮ್ಮನ ಹಳೆಯ ನೂಲಿನ ಸೀರೆಯನ್ನು ಎರಡು ಮಡಿಕೆ ಮಾಡಿ ಹಿತ್ತಲಿನ ಹುಣಸೆಮರಕ್ಕೆ ಕಟ್ಟಿದೆವು. ಎತ್ತರ ಎಷ್ಟೆಂದರೆ ಕೂತರೆ ಮಗನ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಇದೇ ಮುಖ್ಯ. ಪಾರ್ಕಿನ ಉಯ್ಯಾಲೆಯಲ್ಲಿ ಕಾಲು ಗಾಳಿಯಲ್ಲಿರುತ್ತದೆ, ಹೆದರಿದ ಮಗುವಿಗೆ ಅದೇ ನರಕ. ಮೊದಲ ಐದು ದಿನ ಅವನು ಕೂರಲೇ ಇಲ್ಲ. ಜೋಳಿಗೆಗೆ ತನ್ನ ಮರದ ಆನೆಯನ್ನು ಹಾಕಿ ತೂಗಿದ. ನಾವು ಒತ್ತಾಯಿಸಲಿಲ್ಲ. ಆರನೇ ದಿನ ಹೊಟ್ಟೆ ಅಡಿಯಾಗಿ ಸೀರೆಯ ಮೇಲೆ ಬಿದ್ದುಕೊಂಡು ಕಾಲಿನಿಂದ ಮಣ್ಣು ಒದೆಯುತ್ತ ಅರ್ಧ ಅಡಿ ಹಿಂದೆ ಮುಂದೆ ಹೋದ. ತಾನೇ ತೂಗಿಕೊಂಡ, ತಾನೇ ನಿಲ್ಲಿಸಿದ. ಆ ದಿನದ ಲೆಕ್ಕವನ್ನು ನಾನು ಎಕ್ಸೆಲ್ ಶೀಟಿನಲ್ಲಿ ಬರೆದೆ: ಎರಡು ನಿಮಿಷ, ನೇರ ಚಲನೆ, ವಾಂತಿ ಇಲ್ಲ. ಅಮ್ಮ ಇಣುಕಿ ನೋಡಿ, ‘ಹಸು ಹಾಲು ಕೊಟ್ಟಿದ್ದನ್ನೂ ಡೈರಿಯೋರು ಇಷ್ಟು ಬರೆಯಲ್ಲ’ ಎಂದರು.

ಹಿಂದೆ ಮುಂದೆ ಮೆಲ್ಲಗೆ ಒಂದೇ ತಾಳದಲ್ಲಿ ತೂಗಿದರೆ ಮಗು ಶಾಂತವಾಗುತ್ತದೆ, ಗಕ್ಕನೆ ನಿಲ್ಲಿಸಿ ಬಿಟ್ಟು ಅಡ್ಡಾದಿಡ್ಡಿ ತೂಗಿದರೆ ಚುರುಕಾಗುತ್ತದೆ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಆದ್ದರಿಂದ ನಾವು ಮಲಗುವ ಮೊದಲು ಮೊದಲನೆಯದನ್ನು, ಬೆಳಿಗ್ಗೆ ತಿಂಡಿಗೆ ಮುಂಚೆ ಎರಡನೆಯದನ್ನು ಸ್ವಲ್ಪವೇ ಮಾಡಿದೆವು. ಊಟವಾದ ಕೂಡಲೇ ಯಾವುದೂ ಇಲ್ಲ. ಕೆಳಗೆ ಗೋಣಿಚೀಲಕ್ಕೆ ಹುಲ್ಲು ತುಂಬಿ ಹಾಸಿದ್ದೆವು. ಹೊತ್ತು ಯಾವಾಗಲೂ ಐದು ನಿಮಿಷ, ಹತ್ತು ನಿಮಿಷ. ಹಗ್ಗವನ್ನು ದಿನವೂ ನಾನೇ ಜಗ್ಗಿ ನೋಡುತ್ತಿದ್ದೆ. ಪಕ್ಕದಲ್ಲಿ ದೊಡ್ಡವರೊಬ್ಬರು ಇಲ್ಲದೆ ಒಂದು ದಿನವೂ ಬಿಡಲಿಲ್ಲ, ಸೀರೆ ಕತ್ತಿಗೆ ಸುತ್ತಿಕೊಂಡ ಅನಾಹುತಗಳನ್ನು ನೀವೂ ಕೇಳಿರುತ್ತೀರಿ.

ಉಳಿದದ್ದೆಲ್ಲ ಮನೆಯಲ್ಲೇ ಸಿಕ್ಕಿತು. ರಾತ್ರಿ ಕಂಬಳಿಯಲ್ಲಿ ಮಗನನ್ನು ಮಲಗಿಸಿ ನಾನೊಂದು ತುದಿ ಹೆಂಡತಿಯೊಂದು ತುದಿ ಹಿಡಿದು ತೂಗುವುದು. ಕಂಬಳಿಯ ಮೇಲೆ ಉರುಳುವುದು. ಬೆನ್ನ ಮೇಲೆ ಉಪ್ಪಿನ ಮೂಟೆ ಹೊತ್ತುಕೊಂಡು ಜಗಲಿಯಿಂದ ಕೊಟ್ಟಿಗೆಯವರೆಗೆ ಹೋಗುವುದು, ಮಧ್ಯೆ ನಾನು ಸ್ವಲ್ಪ ಬಗ್ಗುವುದು, ಅವನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ಇದು ಅವನಿಗೆ ಎಲ್ಲಕ್ಕಿಂತ ಇಷ್ಟವಾಯಿತು, ಯಾಕೆಂದರೆ ಎದೆ ನನ್ನ ಬೆನ್ನಿಗೆ ಒತ್ತಿರುತ್ತಿತ್ತು. ಹೊಲದಲ್ಲಿ ಬದುವಿನ ಮೇಲೆ ನಡೆಯುವುದು, ಮೊದಲು ಅಗಲ ಬದು, ಆಮೇಲೆ ಸಣ್ಣದು. ಟೊಮೇಟೊ ಕ್ರೇಟು ಬಹಳ ಉಪಯೋಗಕ್ಕೆ ಬಂತು. ಆ ವರ್ಷ ಲಾಕ್‌ಡೌನಿನಿಂದ ಹಣ್ಣು ಕೇಳುವವರಿಲ್ಲದೆ ನಮ್ಮ ಕಡೆ ತೋಟದಲ್ಲೇ ಬಿಟ್ಟವರಿದ್ದರು, ಕ್ರೇಟುಗಳು ಖಾಲಿ ಬಿದ್ದಿದ್ದವು. ಅದರೊಳಗೆ ಬಟ್ಟೆ ತುಂಬಿ ಅಂಗಳದುದ್ದಕ್ಕೂ ತಳ್ಳಲು ಹೇಳುತ್ತಿದ್ದೆವು. ಭಾರ ತಳ್ಳುವುದು, ಎಳೆಯುವುದು, ಹೊರುವುದು ಸ್ನಾಯು ಕೀಲುಗಳಿಗೆ ಸುದ್ದಿ ಕೊಡುತ್ತದೆ, ಒಳಕಿವಿಯ ಗಲಿಬಿಲಿಯನ್ನು ಅದು ತಣಿಸುತ್ತದೆ ಎಂದು ಥೆರಪಿಸ್ಟ್ ಹೇಳಿದ್ದರು. ಅವರು ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಬೇರೊಬ್ಬನಿಂದ.

ಜೂನ್ ತಿಂಗಳಲ್ಲಿ ಅಂಗಡಿಗಳು ತೆರೆದ ಮೇಲೆ ಮಗನನ್ನು ಕರೆದುಕೊಂಡು ಹಗ್ಗ ತರಲು ಹೋದೆ. ಆ ಅಂಗಡಿ ನನ್ನ ಆ ಸಹಪಾಠಿಯದು. ಹಗ್ಗ, ಗೋಣಿ, ಹಿಂಡಿ, ಬೂಸಾ ಮಾರುತ್ತಾನೆ. ಹದಿನೆಂಟು ವರ್ಷ ಆಗಿತ್ತು ನಾವಿಬ್ಬರೂ ಸರಿಯಾಗಿ ಮಾತಾಡಿ. ಹಗ್ಗ ತೆಗೆದುಕೊಂಡು ಹೊರಟಾಗ ಮಗ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಜಾರಿ ಇಳಿದ. ಅವನು ನೋಡುತ್ತ ನಿಂತ. ಆಮೇಲೆ ಮೆಲ್ಲಗೆ, ‘ನಾನೂ ಹಿಂಗೇ ಇಳೀತಿದ್ದೆನಲ್ಲೋ’ ಎಂದ. ನನಗೆ ಬಾಯಿ ಬರಲಿಲ್ಲ. ಹೆಸರಿಟ್ಟವನು ನಾನೇ ಎಂಬುದು ಅವನಿಗೆ ಆಗಲೂ ಗೊತ್ತಿತ್ತಂತೆ. ನಾನು ಕ್ಷಮೆ ಕೇಳಿದೆ. ಅವನು ಅದಕ್ಕೆ ಏನೂ ಹೇಳಲಿಲ್ಲ, ಒಳಗೆ ಹೋಗಿ ಮಗನಿಗೆ ಒಂದು ಸಣ್ಣ ಚೀಲದಲ್ಲಿ ಎರಡು ಕೆ.ಜಿ.ಯಷ್ಟು ಬೂಸಾ ತುಂಬಿ ಕೊಟ್ಟು, ‘ಇದನ್ನ ಎದೆಗೆ ಒತ್ತಿ ಹಿಡ್ಕೊಂಡು ಈಗ ಇಳಿ’ ಎಂದ. ತಾನು ಮುಂದೆ ನಿಂತುಕೊಂಡ. ಮಗ ಒಂದು ಮೆಟ್ಟಿಲು ನಿಂತುಕೊಂಡೇ ಇಳಿದ.

ಶಾಲೆ ಬಿಟ್ಟು ಮಂಡಿಯಲ್ಲಿ ಮೂಟೆ ಹೊರಲು ಹೋದಾಗ ಅವನಿಗೆ ಇದು ತಿಳಿದಿತ್ತಂತೆ. ಬರಿಗೈಯಲ್ಲಿ ಹಲಗೆ ಹತ್ತಿ ಲಾರಿಗೆ ಹೋದರೆ ಕಾಲು ನಡುಗುತ್ತಿತ್ತು, ಬೆನ್ನಮೇಲೆ ಮೂಟೆ ಇದ್ದರೆ ಕಾಲು ನೆಟ್ಟಗೆ ನಿಲ್ಲುತ್ತಿತ್ತು. ಥೆರಪಿಸ್ಟರ ಕೋಣೆಯಲ್ಲಿ ತೂಕದ ಜಾಕೆಟ್ ಎಂದು ಮಾರುವುದನ್ನು ಅವನು ಹದಿನೈದನೇ ವಯಸ್ಸಿಗೆ ತಾನಾಗಿ ಕಂಡುಕೊಂಡಿದ್ದ. ಹೀಗೆಂದು ಎಲ್ಲರೂ ಮಕ್ಕಳ ಮೇಲೆ ಮೂಟೆ ಹೇರಬೇಡಿ. ಎರಡು ಕೆ.ಜಿ. ಅಂದೆ, ಎಂಟು ನಿಮಿಷ ಅಷ್ಟೆ. ಅವನ ಬೆನ್ನು ಇವತ್ತಿಗೂ ನೋಯುತ್ತದೆ.

ಇನ್ನು ಫಲ ಏನು ಎಂದು ಕೇಳುವಿರಿ. ಆ ವರ್ಷದ ದೀಪಾವಳಿ ಹೊತ್ತಿಗೆ ಮಗ ಜೋಳಿಗೆಯಲ್ಲಿ ಕಾಲೆತ್ತಿ ಕೂತು ತೂಗಿಕೊಳ್ಳುತ್ತಿದ್ದ. ತಲೆಸ್ನಾನಕ್ಕೆ ಅಳುವುದು ನಿಂತಿತು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಎರಡು ಕಾಲಲ್ಲಿ ಕುಪ್ಪಳಿಸಿದ. ಮೆಟ್ಟಿಲು ಇಳಿಯಲು ಕೈ ಹಿಡಿಯುವುದು ಐದಕ್ಕೆ ಬಿಟ್ಟಿತು. ಈಗ ಏಳು. ಸೈಕಲ್ ಇನ್ನೂ ಬಂದಿಲ್ಲ. ಅಕ್ಷರ ಇನ್ನೂ ಸೊಟ್ಟ, ಬರೆಯುವುದು ನಿಧಾನ. ಉಯ್ಯಾಲೆಯಿಂದ ಅಕ್ಷರ ದುಂಡಗಾಗಲಿಲ್ಲ, ಅದಕ್ಕೆ ಬರೆದೇ ಬರೆಯಬೇಕಾಯಿತು. ಎಷ್ಟು ವ್ಯಾಯಾಮದಿಂದ ಆದದ್ದು, ಎಷ್ಟು ವಯಸ್ಸಿನಿಂದ ತಾನಾಗಿ ಆದದ್ದು ಎಂದು ನನ್ನ ಎಕ್ಸೆಲ್ ಶೀಟು ಹೇಳಲಾರದು. ಒಂದೇ ಮಗುವಿನ ಲೆಕ್ಕದಿಂದ ಅದು ಗೊತ್ತಾಗುವುದಿಲ್ಲ.

ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡಬೇಕು. ಈ ಸೆನ್ಸರಿ ಚಿಕಿತ್ಸೆಯ ಹೆಸರಲ್ಲಿ ಇವತ್ತು ದೊಡ್ಡ ವ್ಯಾಪಾರವಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ, ಇದಕ್ಕೆ ಸಿಕ್ಕಿರುವ ಸಾಕ್ಷ್ಯ ಸೀಮಿತ, ಅದನ್ನು ಪೋಷಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂದಿತು. ಬ್ರಿಟನ್ನಿನಲ್ಲಿ 138 ಆಟಿಸಂ ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಆರೈಕೆಗಿಂತ ಈ ಚಿಕಿತ್ಸೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಸಣ್ಣ ಪ್ರಯೋಗಗಳಲ್ಲಿ ಲಾಭ ಕಂಡದ್ದೂ ಉಂಟು. ಹಾಗಾಗಿ ಯಾರಾದರೂ ಉಯ್ಯಾಲೆಯಿಂದ ಆಟಿಸಂ ವಾಸಿಯಾಗುತ್ತದೆ, ಬುದ್ಧಿ ಹೆಚ್ಚುತ್ತದೆ, ಮಾತು ಬರುತ್ತದೆ ಎಂದರೆ ನಂಬಬೇಡಿ, ಹೊಲ ಅಡ ಇಡಬೇಡಿ. ಮಗು ಆಡಲಿ, ತೂಗಲಿ, ಹತ್ತಲಿ ಎನ್ನುವುದಕ್ಕೆ ಮಾತ್ರ ಯಾವ ತಕರಾರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುವ ಚಟುವಟಿಕೆ ಬೇಕು, ನಡೆಯದ ಕೂಸಿಗೆ ಎಚ್ಚರವಿದ್ದಾಗ ದಿನದಲ್ಲಿ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿ ಆಡುವುದು ಬೇಕು ಎಂದು. ವರ್ಷ ತುಂಬದ ಕೂಸಿಗೆ ಮೊಬೈಲ್, ಟಿ.ವಿ. ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. ರಾಗಿಮುದ್ದೆ ತಿನ್ನಿಸಲು ಮೊಬೈಲ್ ಹಿಡಿಸುವ ತಾಯಂದಿರು ಇಲ್ಲೂ ನಗುತ್ತಿದ್ದೀರಿ, ನಾವೂ ಹಿಡಿಸಿದವರೇ.

ಎಚ್ಚರಿಕೆಯ ಮಾತುಗಳನ್ನು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಕೂಸನ್ನು ಅಲ್ಲಾಡಿಸುವುದು, ಮೇಲಕ್ಕೆ ಎಸೆದು ಹಿಡಿಯುವುದು ತೂಗುವುದಲ್ಲ, ಮಿದುಳಿಗೆ ಪೆಟ್ಟಾಗುತ್ತದೆ. ಫಿಟ್ಸ್ ಬರುವ ಮಗು, ಹೃದಯದ ತೊಂದರೆ ಇರುವ ಮಗು, ಕಿವಿ ಸೋರುತ್ತಿರುವ ಮಗು ಇದ್ದರೆ ಡಾಕ್ಟರನ್ನು ಕೇಳದೆ ಯಾವುದನ್ನೂ ಮಾಡಬೇಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕತ್ತಿನ ಕೀಲು ಸಡಿಲವಿರಬಹುದು, ಲಾಗ ಹಾಕಿಸಲೇಬಾರದು. ಸರಿಯಾಗಿ ಕೇಳಿಸದ ಮಗುವಿಗೆ ಸಮತೋಲನವೂ ಕಡಿಮೆ ಇರಬಹುದು, ಎರಡೂ ಅಂಗ ಒಂದೇ ಗೂಡಿನಲ್ಲಿ ಇರುವುದರಿಂದ. ಆದ್ದರಿಂದ ತೂರಾಡುವ ಮಗುವಿನ ಕಿವಿ ಮೊದಲು ಪರೀಕ್ಷೆಯಾಗಲಿ. ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ತೂರಾಡಲು ಶುರುಮಾಡಿದರೆ, ತಲೆನೋವು ವಾಂತಿ ಇದ್ದರೆ, ಅದು ಉಯ್ಯಾಲೆಯ ವಿಷಯವಲ್ಲ, ಅವತ್ತೇ ಆಸ್ಪತ್ರೆಗೆ.

ಹಣ ಇಲ್ಲದವರು ಏನು ಮಾಡಬೇಕು? 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕು. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಬೆಳವಣಿಗೆ ಕುಂಠಿತವಾಗಿರುವುದೂ ಅವರ ಪಟ್ಟಿಯಲ್ಲಿದೆ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ, ಉಚಿತ. ತಂಡ ಬಂದ ದಿನ ಮಗುವನ್ನು ರಜೆ ಹಾಕಿಸಿ ಹೊಲಕ್ಕೆ ಕರೆದುಕೊಂಡು ಹೋಗಬೇಡಿ. ಹೆಚ್ಚಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕಿವಿ ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದ್ದು, ಅದರಲ್ಲಿ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದಾರೆ. ಆಟಿಸಂ, ಕಲಿಕಾ ತೊಂದರೆ ಅದರಲ್ಲಿ ಸೇರಿವೆ.

ಮೇಷ್ಟ್ರುಗಳಲ್ಲಿ ನನ್ನದು ಒಂದೇ ಬೇಡಿಕೆ. ಕವಾಯತಿನಲ್ಲಿ ತಪ್ಪು ಹೆಜ್ಜೆ ಹಾಕುವ, ಬೆಂಚಿನ ಮೇಲೆ ಒರಗಿ ಬೀಳುವ, ಹಲಗೆಯಿಂದ ಬರೆದುಕೊಳ್ಳುವುದರಲ್ಲಿ ಹಿಂದುಳಿಯುವ ಮಗುವನ್ನು ಸೋಮಾರಿ ಎನ್ನುವ ಮುಂಚೆ ಒಮ್ಮೆ ಮೆಟ್ಟಿಲು ಇಳಿಯುವುದನ್ನು ನೋಡಿ. ಅವನಿಗೆ ಹಲಗೆಯ ಹತ್ತಿರದ ಜಾಗ ಕೊಡಿ, ಬರೆಯಲು ಹೆಚ್ಚು ಹೊತ್ತು ಕೊಡಿ. ಸೀಮೆಸುಣ್ಣದ ಡಬ್ಬ, ಪುಸ್ತಕದ ಕಟ್ಟು ಹೊತ್ತು ತರುವ ಕೆಲಸ ಅವನಿಗೇ ಕೊಡಿ. ತರಗತಿಯ ಬುದ್ಧಿವಂತ ಹುಡುಗರು ಕಿಟಕಿಯಲ್ಲಿ ನಿಂತು ನಗುತ್ತಿದ್ದಾರಾ ಎಂದೂ ನೋಡಿ. ನಾನು ಯಾವಾಗಲೂ ಮೊದಲ ಬೆಂಚಿನವನು, ನನ್ನನ್ನು ಯಾರೂ ಆ ಕಿಟಕಿಯಿಂದ ಎಬ್ಬಿಸಲಿಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಒಟ್ಟುಗೂಡಿದ ಹಣದಿಂದ ಗೇಟಿಗೆ ಕಮಾನು ಕಟ್ಟಿಸುವುದೆಂದು ಹೋದ ತಿಂಗಳು ತೀರ್ಮಾನವಾಗಿದೆ. ಕಮಾನು ಬೇಡ ಎನ್ನಲು ನಾನು ಬಂದಿಲ್ಲ, ಅದಕ್ಕೆ ನಾನೂ ಕೊಟ್ಟಿದ್ದೇನೆ. ಆದರೆ ಪಕ್ಕದ ಪ್ರಾಥಮಿಕ ಶಾಲೆಗೂ ಅಂಗನವಾಡಿಗೂ ಮಧ್ಯೆ ಇರುವ ಹೊಂಗೆ ಮರಗಳ ಕೆಳಗೆ ಮೂರು ಎತ್ತರದಲ್ಲಿ ಮೂರು ಉಯ್ಯಾಲೆ, ಒಂದು ಉದ್ದನೆಯ ಮರದ ದಿಮ್ಮಿ, ಕೆಳಗೆ ಒಂದು ಲೋಡು ಮರಳು ಹಾಕಿಸಬಹುದೇ ಎಂದು ಕೇಳುತ್ತೇನೆ. ಮೊದಲನೇ ಉಯ್ಯಾಲೆ ಮಾತ್ರ ಪಾದ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿರಲಿ. ಹೊಸ ಹಾಲಿನ ಮೆಟ್ಟಿಲುಗಳ ಪಕ್ಕಕ್ಕೆ ಒಂದು ಕಬ್ಬಿಣದ ಕಂಬಿಯನ್ನೂ ಹಾಕಿಸಬೇಕು. ನಿನ್ನೆ ನೋಡಿದೆ, ಈ ಸಲವೂ ಹಾಕಿಲ್ಲ. ಆ ಖರ್ಚು ನನ್ನದು.

ಹಗ್ಗ ನಮ್ಮ ಅಂಗಡಿಯದು, ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಬಂದು ಬದಲಾಯಿಸಿ ಹೋಗುತ್ತೇನೆ ಎಂದು ನನ್ನ ಗೆಳೆಯ ಹೇಳಿ ಕಳಿಸಿದ್ದಾನೆ. ಇವತ್ತು ಅಂಗಡಿ ಮುಚ್ಚಿ ಬರುವುದಾಗಿ ಹೇಳಿದ್ದ, ಹಿಂದೆ ಎಲ್ಲೋ ನಿಂತಿರಬೇಕು.